ತೋಳವಿದ್ದ ಕೀಲಿಮಣೆ

ಕೀಲಿಮಣೆಯುಳ್ಳ ವಾದ್ಯಗಳಿಗೆ ಇರುವ ಕಟ್ಟುಪಾಡೆಂದರೆ, ಅವುಗಳ ಸ್ವರಗಳು ನುಡಿಸುವ ಮುನ್ನವೇ ನಿಗದಿಯಾಗಿಬಿಟ್ಟಿರುತ್ತವೆ. ಹಾಡುಗಾರನು ಕಂಠದಲ್ಲಿ, ಪಿಟೀಲು ವಾದಕನು ಬೆರಳ ತುದಿಯಲ್ಲಿ ಸ್ವರವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಸಂದರ್ಭಕ್ಕೆ ಹೊಂದಿಸಿಕೊಳ್ಳಬಲ್ಲನು. ಹಾರ್ಪ್ಸಿಕಾರ್ಡಿನ ಅಥವಾ ಪೈಪ್ ಆರ್ಗನ್ನಿನ ಮುಂದೆ ಕುಳಿತವನಿಗಾದರೋ ಒಂದು ಸ್ಥಾಯಿಯೊಳಗೆ ಮೊದಲೇ ಶ್ರುತಿ ಮಾಡಿಟ್ಟ ಹನ್ನೆರಡು ಮನೆಗಳಷ್ಟೇ ದಕ್ಕುತ್ತವೆ. ಸುಮಾರು 1600ರಿಂದ 1750ರವರೆಗಿನ, ಯುರೋಪಿನ ಸಂಗೀತಚರಿತ್ರೆಯಲ್ಲಿ ಬರೋಕ್ ಎಂದು ಕರೆಯಲಾಗುವ ಅವಧಿಯಲ್ಲಿ, ಈ ಹನ್ನೆರಡು ಮನೆಗಳಿಗೆ ಹೇಗೆ ಶ್ರುತಿ ಕೂಡಿಸಬೇಕೆಂಬುದಕ್ಕೆ ಒಂದೇ ಉತ್ತರವಿರಲಿಲ್ಲ. ಊರಿಂದ ಊರಿಗೆ, ಆರ್ಗನ್ನಿನಿಂದ ಹಾರ್ಪ್ಸಿಕಾರ್ಡಿಗೆ, ತಲೆಮಾರಿನಿಂದ ತಲೆಮಾರಿಗೆ ಕ್ರಮ ಬದಲಾಗುತ್ತಿತ್ತು. ರಚನೆಕಾರನು ಯಾವ ಸ್ವರದಿಂದ ಹೊರಡಬೇಕು, ಯಾವ ಸ್ವರಕೂಟದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿಂದ ಬೇಗನೆ ಹೊರಬರಬೇಕು ಎಂಬುದನ್ನು ಬಹುಮಟ್ಟಿಗೆ ಆ ಕ್ರಮವೇ ತೀರ್ಮಾನಿಸುತ್ತಿತ್ತು. ಎಲ್ಲ ಮನೆಗಳ ನಡುವಿನ ಅಂತರವೂ ಒಂದೇ ಸಮನಾಗಿರುವ ಇಂದಿನ ಪಿಯಾನೊದಲ್ಲಿ ಆ ಕಾಲದ ಕೃತಿಗಳನ್ನು ಕೇಳುವವರಿಗೆ ಈ ಸಂಬಂಧ ಕಿವಿಗೆ ಬೀಳುವುದೇ ಇಲ್ಲ.

ತೊಡಕಿನ ಬೇರು ಗಣಿತದಲ್ಲಿದೆ. ಷಡ್ಜಕ್ಕೂ ಶುದ್ಧವಾದ ಪಂಚಮಕ್ಕೂ ಇರುವ ಕಂಪನಗಳ ಅನುಪಾತ 3:2, ಷಡ್ಜಕ್ಕೂ ತಾರಷಡ್ಜಕ್ಕೂ 2:1. ಒಂದು ಸ್ವರದಿಂದ ಹೊರಟು ಅದರ ಪಂಚಮ, ಆ ಪಂಚಮದ ಪಂಚಮ ಎಂದು ಹನ್ನೆರಡು ಹೆಜ್ಜೆ ಏರಿದರೆ ಏಳು ಸ್ಥಾಯಿಗಳಾಚೆ ಹೊರಟ ಸ್ವರವೇ ಮರಳಿ ಸಿಗಬೇಕು. ಆದರೆ ಏಳು ಸ್ಥಾಯಿ ಮೇಲೇರಿದ ಸ್ವರದ ಕಂಪನ ಮೂಲದ 128 ಪಟ್ಟಾದರೆ, ಹನ್ನೆರಡು ಶುದ್ಧ ಪಂಚಮಗಳನ್ನೇರಿದ ಸ್ವರದ ಕಂಪನ ಸುಮಾರು 129.75 ಪಟ್ಟಾಗುತ್ತದೆ. ಈ ಹೆಚ್ಚುವರಿಗೆ ಪೈಥಾಗೊರಸ್‌ನ ಕಾಮಾ ಎಂದು ಹೆಸರು. ಒಂದು ಸ್ಥಾಯಿಯನ್ನು 1200 ಭಾಗ ಮಾಡಿ ಪ್ರತಿ ಭಾಗಕ್ಕೆ ಒಂದು ಸೆಂಟ್ ಎನ್ನುವ ಇಂದಿನ ಅಳತೆಯಲ್ಲಿ ಅದು ಸುಮಾರು 23.5 ಸೆಂಟ್, ಎಂದರೆ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ ಕಾಲುಭಾಗದಷ್ಟು. ಎರಡನೆಯ ತೊಡಕು ಗಾಂಧಾರದ್ದು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರಷಡ್ಜದ ತಂತಿಯಿಂದ ಯಾರೂ ಮೀಟದೆಯೇ ತಾನಾಗಿ ಕೇಳಿಬರುವ ಅಂತರ ಗಾಂಧಾರದ ಅನುಪಾತ 5:4, ಅಳತೆ 386 ಸೆಂಟ್. ನಾಲ್ಕು ಶುದ್ಧ ಪಂಚಮಗಳನ್ನು ಏರಿ ಪಡೆದ ಗಾಂಧಾರವಾದರೋ 408 ಸೆಂಟ್‌ಗೆ ಹೋಗಿ ನಿಲ್ಲುತ್ತದೆ. ಪಂಚಮಗಳನ್ನು ಶುದ್ಧವಾಗಿಟ್ಟರೆ ಗಾಂಧಾರ ಕೆಡುತ್ತದೆ, ಗಾಂಧಾರವನ್ನು ಶುದ್ಧವಾಗಿಡಬೇಕೆಂದರೆ ಪಂಚಮಗಳನ್ನು ಕುಗ್ಗಿಸಲೇಬೇಕು. ಆದಿಯಿಂದ ಅಂತ್ಯದವರೆಗೆ ಒಂದೇ ಷಡ್ಜಕ್ಕೆ ಅಂಟಿಕೊಂಡಿರುವ ಸಂಗೀತಕ್ಕೆ ಇದು ಅಷ್ಟಾಗಿ ಬಾಧಿಸುವುದಿಲ್ಲ; ಷಡ್ಜವನ್ನೇ ಮೇಲಿಂದ ಮೇಲೆ ಬದಲಿಸುತ್ತ, ಮೂರು ನಾಲ್ಕು ಸ್ವರಗಳನ್ನು ಒಮ್ಮೆಗೇ ನುಡಿಸಿ ಕಾರ್ಡ್ ಎಂಬ ಸ್ವರಕೂಟಗಳನ್ನು ಕಟ್ಟುವ ಯುರೋಪಿನ ಸಂಗೀತಕ್ಕೆ ಇದು ಪ್ರತಿ ಹೆಜ್ಜೆಗೂ ಎದುರಾಗುವ ಪ್ರಶ್ನೆಯಾಗಿತ್ತು.

ಹದಿನಾರನೆಯ ಶತಮಾನದ ಇಟಲಿ ಗಾಂಧಾರದ ಪರವಾಗಿ ನಿಂತಿತು. ಪಿಯೆತ್ರೊ ಆರೋನ್ 1523ರಲ್ಲಿ ವೆನಿಸ್ ನಗರದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಿ ಮತ್ತು ಇ ಸ್ವರಗಳ ನಡುವಿನ ಗಾಂಧಾರವನ್ನು ಶುದ್ಧವಾಗಿ ಕೂಡಿಸಿಕೊಂಡು, ನಡುವಿನ ಪಂಚಮಗಳನ್ನು ಒಂದಿಷ್ಟು ಇಳಿಸಿ ಶ್ರುತಿ ಮಾಡುವ ಬಗೆಯನ್ನು ವಿವರಿಸಿದನು. ಅದರ ಗಣಿತವನ್ನು ಜೊಸೆಫೊ ಝಾರ್ಲಿನೊ 1571ರಲ್ಲಿ ನಿಖರವಾಗಿ ನಿರೂಪಿಸಿದನು. ಈ ಕ್ರಮದಲ್ಲಿ ಪ್ರತಿ ಪಂಚಮವೂ ಸುಮಾರು 5.4 ಸೆಂಟ್‌ನಷ್ಟು ಕುಗ್ಗುತ್ತದೆ, ಅದಕ್ಕೆ ಪ್ರತಿಯಾಗಿ ಎಂಟು ಗಾಂಧಾರಗಳು ಪರಿಶುದ್ಧವಾಗಿ ಸಿಗುತ್ತವೆ. ಷಡ್ಜಕ್ಕೂ ಗಾಂಧಾರಕ್ಕೂ ನಟ್ಟನಡುವೆ ರಿಷಭ ಬೀಳುವುದರಿಂದ ಇದಕ್ಕೆ ಮೀನ್‌ಟೋನ್, ಎಂದರೆ ನಡುಸ್ವರದ ಶ್ರುತಿ, ಎಂಬ ಹೆಸರು ಬಂದಿತು. ಆದರೆ ಹನ್ನೊಂದು ಪಂಚಮಗಳಲ್ಲಿ ಉಳಿತಾಯ ಮಾಡಿದ್ದೆಲ್ಲವೂ ಹನ್ನೆರಡನೆಯದರ ತಲೆಯ ಮೇಲೆ ಬೀಳುತ್ತಿತ್ತು. ಸಾಮಾನ್ಯವಾಗಿ ಜಿ ಶಾರ್ಪ್, ಎಂದರೆ ಜಿಗಿಂತ ಒಂದು ಮನೆ ಮೇಲಿನ ಸ್ವರ, ಮತ್ತು ಇ ಫ್ಲಾಟ್, ಎಂದರೆ ಇಗಿಂತ ಒಂದು ಮನೆ ಕೆಳಗಿನ ಸ್ವರ, ಇವು‌ಗಳ ನಡುವೆ ಬೀಳುತ್ತಿದ್ದ ಆ ಕೊನೆಯ ಪಂಚಮ 738 ಸೆಂಟ್‌ಗೆ ಉಬ್ಬಿ, ನುಡಿಸಿದೊಡನೆ ಎರಡು ತಂತಿಗಳ ನಾದ ಒಂದಕ್ಕೊಂದು ತಾಗಿ ಬಿರುಸಾಗಿ ಅಲುಗಾಡುತ್ತಿದ್ದುದರಿಂದ, ವಾದಕರು ಅದನ್ನು ತೋಳವೆಂದು ಕರೆದರು. ತೋಳದ ಜತೆಗೆ ನಾಲ್ಕು ಗಾಂಧಾರಗಳೂ ಕೆಟ್ಟವು: ಬಿ, ಎಫ್ ಶಾರ್ಪ್, ಸಿ ಶಾರ್ಪ್ ಮತ್ತು ಜಿ ಶಾರ್ಪ್‌ಗಳ ಮೇಲಿನ ಗಾಂಧಾರ 427 ಸೆಂಟ್‌ವರೆಗೆ ಏರಿಬಿಡುತ್ತಿತ್ತು. ಕಪ್ಪು ಮನೆಯೊಂದನ್ನು ಇಂದು ಜಿ ಶಾರ್ಪ್ ಎಂದರೂ ಎ ಫ್ಲಾಟ್ ಎಂದರೂ ಒಂದೇ. ಮೀನ್‌ಟೋನ್ ಕೀಲಿಮಣೆಯಲ್ಲಿ ಮಾತ್ರ ಅವೆರಡರ ನಡುವೆ 41 ಸೆಂಟ್‌ನಷ್ಟು ದೂರವಿದ್ದು, ಒಂದು ಮನೆಗೆ ಒಂದನ್ನು ಕೊಟ್ಟರೆ ಇನ್ನೊಂದನ್ನು ಬಿಟ್ಟುಕೊಡಬೇಕಾಗಿತ್ತು.

ಈ ಶ್ರುತಿಯನ್ನು ಕೇವಲ ದೋಷಗಳ ಪಟ್ಟಿಯಾಗಿ ನೋಡುವುದು ಸರಿಯಲ್ಲ. ಆಮ್‌ಸ್ಟರ್‌ಡಾಂನ ಹಳೆಯ ಚರ್ಚಿನ ಆರ್ಗನ್ ವಾದಕನಾಗಿದ್ದ ಯಾನ್ ಪೀಟರ್‌ಸೋನ್ ಸ್ವೇಲಿಂಕ್‌ನ (ನಿಧನ 1621) ‘ಫ್ಯಾಂಟೇಸಿಯ ಕ್ರೊಮಾಟಿಕಾ’ ಎಂಬ ಕೃತಿ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಮೂಲ ಎಳೆ ಡಿ ಸ್ವರದಿಂದ ಎ ಸ್ವರದವರೆಗೆ ಒಂದೊಂದೇ ಮನೆ ಇಳಿಯುವ ಆರು ಸ್ವರಗಳದ್ದು: ಡಿ, ಸಿ ಶಾರ್ಪ್, ಸಿ, ಬಿ, ಬಿ ಫ್ಲಾಟ್, ಎ. ಇಂದಿನ ಪಿಯಾನೊದಲ್ಲಿ ಇದು ಐದು ಸಮಾನ ಮೆಟ್ಟಿಲುಗಳ ಇಳಿತ, ತಲಾ 100 ಸೆಂಟ್. ಮೀನ್‌ಟೋನ್‌ನಲ್ಲಾದರೋ ಮೊದಲ ಮೆಟ್ಟಿಲು 117 ಸೆಂಟ್, ಎರಡನೆಯದು 76, ಮೂರನೆಯದು ಮತ್ತೆ 117, ನಾಲ್ಕನೆಯದು 76, ಐದನೆಯದು 117. ಅಗಲವಾದ ಹೆಜ್ಜೆಯೊಂದರ ಬೆನ್ನಿಗೆ ಕಿರಿದಾದ ಹೆಜ್ಜೆ, ಮತ್ತೆ ಅಗಲವಾದದ್ದು. ಬಿಕ್ಕಿ ಬಿಕ್ಕಿ ಇಳಿಯುವ ದನಿಯಂತೆ ಆ ಎಳೆ ನಡೆಯುತ್ತದೆ. ಇಳಿಯುವ ಆರು ಸ್ವರಗಳು ಶೋಕದ ಸಂಕೇತವೆಂದು ಆ ಕಾಲದವರಿಗೆ ತೋರಿದ್ದರಲ್ಲಿ ಈ ಒಡಕು ನಡಿಗೆಯ ಪಾಲೂ ಇದ್ದಿರಬೇಕು. ರೋಮ್ ನಗರದ ಜಿರೊಲಾಮೊ ಫ್ರೆಸ್ಕೊಬಾಲ್ಡಿಯ ‘ದುರೆತ್ಸೆ ಎ ಲಿಗಾತೂರೆ’ ಮಾದರಿಯ ತೊಕ್ಕಾತಗಳಲ್ಲಿ, ಎಂದರೆ ಕರ್ಕಶ ಸ್ವರಗಳನ್ನು ಎಳೆದು ಹಿಡಿದು ನಿಧಾನವಾಗಿ ಸಡಿಲಿಸುವ ರಚನೆಗಳಲ್ಲಿ, ಇದೇ ಗುಣದ ಇನ್ನೊಂದು ಮುಖವಿದೆ. ಪ್ರತಿ ಕರ್ಕಶ ಕೂಟವೂ ಕೊನೆಗೆ ಅಲುಗಾಟವೇ ಇಲ್ಲದ ಶುದ್ಧ ಗಾಂಧಾರದಲ್ಲಿ ಬಂದು ತಂಗುವುದರಿಂದ ಆ ನೆಮ್ಮದಿಯ ಆಳ ಇಮ್ಮಡಿಯಾಗುತ್ತದೆ. ಗಾಂಧಾರವೂ ಸದಾ ಸಣ್ಣಗೆ ನಡುಗುತ್ತಿರುವ, ಇಂದಿನ ಪಿಯಾನೊದ ಸಮಾನ ಶ್ರುತಿಯಲ್ಲಿ ಅಂಥ ನಿಲುಗಡೆ ಸಾಧ್ಯವಿಲ್ಲ.

ತೋಳವನ್ನು ಓಡಿಸಲು ಕುಶಲಕರ್ಮಿಗಳು ಮೊದಲು ಹಿಡಿದ ದಾರಿ ಮನೆಗಳನ್ನು ಹೆಚ್ಚಿಸುವುದು. ಕಪ್ಪು ಮನೆಯನ್ನು ಅಡ್ಡಕ್ಕೆ ಸೀಳಿ, ಮುಂಭಾಗಕ್ಕೆ ಒಂದು ತಂತಿ, ಹಿಂಭಾಗಕ್ಕೆ ಇನ್ನೊಂದು ತಂತಿ ಜೋಡಿಸಿದರೆ ಜಿ ಶಾರ್ಪ್ ಮತ್ತು ಎ ಫ್ಲಾಟ್ ಎರಡೂ ಕೈಗೆ ಸಿಗುತ್ತಿದ್ದವು. ಪ್ರಾಗ್ ನಗರದಲ್ಲಿದ್ದ ಕಾರೆಲ್ ಲಾಯ್ಟನ್‌ನ ಬಳಿ ನಾಲ್ಕು ಸ್ಥಾಯಿಗಳಿಗೆ 77 ಮನೆಗಳುಳ್ಳ ಕೀಲಿಮಣೆ ವಾದ್ಯವಿದ್ದುದನ್ನು ಮೈಕೇಲ್ ಪ್ರೆಟೋರಿಯಸ್ 1619ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಬರ್ನಾರ್ಡ್ ಸ್ಮಿತ್ 1680ರ ದಶಕದಲ್ಲಿ ಲಂಡನ್ನಿನ ಟೆಂಪಲ್ ಚರ್ಚಿಗೆ ಕಟ್ಟಿದ ಆರ್ಗನ್ನಿನಲ್ಲೂ ಇಂಥ ಸೀಳು ಮನೆಗಳಿದ್ದವು. ಆದರೆ ಬೆರಳುಗಳಿಗೆ ಅಭ್ಯಾಸವಾಗಿದ್ದ ಹನ್ನೆರಡು ಮನೆಗಳ ಮಣೆಯನ್ನು ಬಿಟ್ಟುಕೊಡಲು ಹೆಚ್ಚಿನವರು ಒಪ್ಪಲಿಲ್ಲವಾದ್ದರಿಂದ ಈ ದಾರಿ ಬಹುದೂರ ಸಾಗಲಿಲ್ಲ.

ಹಾರ್ಪ್ಸಿಕಾರ್ಡಿಗೆ ಇನ್ನೂ ಸುಲಭವಾದ ಉಪಾಯವಿತ್ತು: ಬೇಕಾದ ಕೃತಿಗೆ ಬೇಕಾದ ಸ್ವರವನ್ನು ತಿರುಗಣೆ ತಿರುಗಿಸಿ ಆಗಿಂದಾಗ್ಗೆ ಬದಲಿಸಿಕೊಳ್ಳುವುದು. ಫ್ರೆಸ್ಕೊಬಾಲ್ಡಿಯ ಶಿಷ್ಯನೂ ವಿಯೆನ್ನಾದ ಆಸ್ಥಾನದ ಆರ್ಗನ್ ವಾದಕನೂ ಆಗಿದ್ದ ಯೋಹಾನ್ ಯಾಕೊಬ್ ಫ್ರೋಬರ್ಗರ್, 1657ರಲ್ಲಿ ತೀರಿಕೊಂಡ ಚಕ್ರವರ್ತಿ ಮೂರನೆಯ ಫರ್ಡಿನಾಂಡ್‌ನಿಗಾಗಿ ಬರೆದ ಶೋಕಗೀತವನ್ನು ಎಫ್ ಮೈನರ್‌ನಲ್ಲಿ, ಎಂದರೆ ಎಫ್ ಸ್ವರವನ್ನು ಷಡ್ಜವಾಗಿ ಹಿಡಿದು ಸಾಧಾರಣ ಗಾಂಧಾರದ ಸ್ಕೇಲ್‌ನಲ್ಲಿ ರಚಿಸಿದನು. ಆ ಸ್ಕೇಲ್‌ಗೆ ಎ ಫ್ಲಾಟ್ ಬೇಕೇ ಬೇಕು, ವಾದ್ಯದಲ್ಲಿ ಇರುತ್ತಿದ್ದುದು ಜಿ ಶಾರ್ಪ್. ಒಂದೋ ಅದನ್ನು ಏರಿಸಿಕೊಂಡು ನುಡಿಸಬೇಕು, ಇಲ್ಲವೇ ಗಾಂಧಾರ ಕುಸಿದು ರಿಷಭದ ಕಡೆಗೆ ವಾಲುವುದನ್ನು ಸಹಿಸಬೇಕು.

ಕೆಟ್ಟ ಸ್ವರಕೂಟವನ್ನೇ ಕೃತಿಯ ಹೃದಯವಾಗಿಸಿಕೊಂಡ ಉದಾಹರಣೆ ಫ್ರಾನ್ಸಿನದು. 1653ರಿಂದ ಪ್ಯಾರಿಸ್ಸಿನ ಸೇಂಟ್ ಜರ್ವೇ ಚರ್ಚಿನ ಆರ್ಗನ್ ವಾದಕನಾಗಿದ್ದು 1661ರಲ್ಲಿ ತೀರಿಕೊಂಡ ಲೂಯಿ ಕೂಪರಾಂ, ಎಫ್ ಶಾರ್ಪ್ ಮೈನರ್‌ನಲ್ಲಿ ಒಂದು ಪವಾನ್ ಬರೆದಿದ್ದಾನೆ. ಪವಾನ್ ಎಂದರೆ ಹಳೆಯ ಆಸ್ಥಾನಗಳ ನಿಧಾನಗತಿಯ ಗಂಭೀರ ನೃತ್ಯ. ಮೀನ್‌ಟೋನ್ ಶ್ರುತಿಯಲ್ಲಿ ಈ ಸ್ಕೇಲ್‌ನ ಮೂಲ ಕಾರ್ಡ್ ಆದ ಎಫ್ ಶಾರ್ಪ್, ಎ, ಸಿ ಶಾರ್ಪ್ ಮೂರೂ ಇಂಪಾಗಿಯೇ ಕೂಡುತ್ತವೆ. ಆದರೆ ಮೂಲಕ್ಕೆ ಮರಳುವ ಮುನ್ನ ಬರಲೇಬೇಕಾದ, ಸಿ ಶಾರ್ಪ್ ಮೇಲೆ ಕಟ್ಟಿದ ಪಂಚಮದ ಕಾರ್ಡ್‌ಗೆ ಇ ಶಾರ್ಪ್ ಬೇಕು. ಅದಕ್ಕೆ ಮನೆಯೇ ಇಲ್ಲದ್ದರಿಂದ ಎಫ್ ಮನೆಯನ್ನೇ ಒತ್ತಬೇಕು, ಒತ್ತಿದರೆ ಗಾಂಧಾರ 386ರ ಬದಲು 427 ಸೆಂಟ್‌ಗೆ ಚಿಮ್ಮುತ್ತದೆ. ಹೀಗೆ ಪ್ರತಿ ಸಲ ಮನೆಯ ಬಾಗಿಲಿಗೆ ಬಂದಾಗಲೂ ಕಿವಿಗೆ ಮುಳ್ಳಿನಂತೆ ಚುಚ್ಚುವ ಸ್ವರವೊಂದು ಅಡ್ಡ ನಿಂತು, ಅದನ್ನು ದಾಟಿದೊಡನೆ ಮೂಲದ ಕಾರ್ಡ್ ತಣ್ಣಗೆ ಇಳಿಯುತ್ತದೆ. ಬೇರೆ ಸುಲಭದ ಸ್ಕೇಲ್‌ಗಳು ಹಲವಿರುವಾಗ ಈ ಸ್ಕೇಲನ್ನೇ ಆರಿಸಿಕೊಂಡವನು ಆ ಮುಳ್ಳನ್ನು ಬಯಸಿಯೇ ಆರಿಸಿಕೊಂಡಿದ್ದಾನೆಂದು ನಂಬುವುದೇ ಸರಿ. ಮುಂದೆ ಫ್ರೆಂಚರು ಮೀನ್‌ಟೋನ್‌ನ ತೋಳವನ್ನು ಅಕ್ಕಪಕ್ಕದ ಪಂಚಮಗಳಿಗೆ ಹಂಚಿ ಪಳಗಿಸಿದ ಶ್ರುತಿಯೊಂದನ್ನು ರೂಢಿಗೆ ತಂದರಾದರೂ, ಒಳ್ಳೆಯ ಸ್ಕೇಲ್ ಮತ್ತು ಒರಟು ಸ್ಕೇಲ್ ಎಂಬ ಭೇದವನ್ನು ಅವರು ಅಳಿಸಲಿಲ್ಲ. ತಾಳದ ಕಟ್ಟಿಲ್ಲದೆ ಸ್ವರಸ್ವರವಾಗಿ ಬಿಡಿಸಿ ನುಡಿಸುತ್ತಿದ್ದ ಅವರ ಪ್ರಿಲ್ಯೂಡ್ ಎಂಬ ಪೀಠಿಕಾ ಕೃತಿ‌ಗಳು, ಬೆರಳು ಸಡಿಲಿಸಿಕೊಳ್ಳುವುದರ ಜತೆಗೆ ಆ ಹೊತ್ತಿನ ಶ್ರುತಿ ಹೇಗೆ ಕೂಡಿದೆಯೆಂದು ಕಿವಿಗೊಟ್ಟು ಪರೀಕ್ಷಿಸುವ ಪದ್ಧತಿಯಿಂದಲೇ ಬೆಳೆದವು.

ಉತ್ತರ ಜರ್ಮನಿಯಲ್ಲಿ ಒತ್ತಡ ಆರ್ಗನ್ನಿನ ಕಡೆಯಿಂದ ಬಂದಿತು. ತಂತಿಯನ್ನು ನಿಮಿಷದಲ್ಲಿ ಬಿಗಿಯಬಹುದು. ಆರ್ಗನ್ನಿನ ಸಾವಿರಾರು ಲೋಹದ ಕೊಳವೆಗಳ ಬಾಯಿಯನ್ನು ಕತ್ತರಿಸಿಯೋ ಬಗ್ಗಿಸಿಯೋ ಉದ್ದವಾಗಿಸಿಯೋ ಶ್ರುತಿ ಬದಲಿಸುವುದು ತಿಂಗಳುಗಳ ದುಡಿಮೆ ಮತ್ತು ಹಣದ ಮಾತು. ಆದ್ದರಿಂದಲೇ ಆರ್ಗನ್ನುಗಳು ಹಳೆಯ ಶ್ರುತಿಯಲ್ಲಿ ದೀರ್ಘಕಾಲ ಉಳಿದವು. ಇದಕ್ಕೆ ಇನ್ನೊಂದು ತೊಡಕೂ ಕೂಡಿತು: ಅನೇಕ ಜರ್ಮನ್ ಚರ್ಚುಗಳ ಆರ್ಗನ್ನು ಇತರ ವಾದ್ಯಗಳಿಗಿಂತ ಒಂದು ಪೂರ್ಣ ಸ್ವರ ಮೇಲಿನ ಶ್ರುತಿಯಲ್ಲಿರುತ್ತಿದ್ದುದರಿಂದ, ಪಿಟೀಲುಗಳು ಸಿ ಮೈನರ್‌ನಲ್ಲಿ ನುಡಿಸುವಾಗ ಆರ್ಗನ್ ವಾದಕನು ಬಿ ಫ್ಲಾಟ್ ಮೈನರ್‌ನಲ್ಲಿ ನುಡಿಸಬೇಕಾಗುತ್ತಿತ್ತು. ಅದು ಮೀನ್‌ಟೋನ್‌ನಲ್ಲಿ ತೋಳದ ಗುಹೆಯೇ ಸರಿ. ದೂರದ ಸ್ಕೇಲ್‌ಗಳ ಅಗತ್ಯ ಹುಟ್ಟಿದ್ದು ರಚನೆಕಾರರ ಸಾಹಸದಿಂದ ಮಾತ್ರವೆಂದು ತಿಳಿಯುವವರು ಪ್ರತಿ ಭಾನುವಾರದ ಈ ಇಕ್ಕಟ್ಟನ್ನು ಮರೆಯಬಾರದು.

ಕ್ವೆಡ್ಲಿನ್‌ಬುರ್ಗ್ ಮತ್ತು ಹಾಲ್ಬರ್‌ಷ್ಟಾಟ್ ಊರುಗಳಲ್ಲಿ ಆರ್ಗನ್ ವಾದಕನಾಗಿದ್ದ ಆಂಡ್ರಿಯಾಸ್ ವೆರ್ಕ್‌ಮೈಸ್ಟರ್ (1645–1706) ಈ ಇಕ್ಕಟ್ಟಿಗೆ ಕೊಟ್ಟ ಪರಿಹಾರಗಳು ಬಹಳ ಪ್ರಭಾವ ಬೀರಿದವು. ಆತನ 1691ರ ಗ್ರಂಥದ ಶೀರ್ಷಿಕೆಯಲ್ಲಿಯೇ ಕೀಲಿಮಣೆಯನ್ನು ‘ಚೆನ್ನಾಗಿ ಹದಗೊಳಿಸಿ’ ಶ್ರುತಿ ಮಾಡುವ ಮಾತು ಬರುತ್ತದೆ. ಅದರಲ್ಲಿನ ಹೆಸರಾದ ಕ್ರಮವೊಂದರ ಪ್ರಕಾರ ಸಿ–ಜಿ, ಜಿ–ಡಿ, ಡಿ–ಎ, ಬಿ–ಎಫ್ ಶಾರ್ಪ್ ಎಂಬ ನಾಲ್ಕು ಪಂಚಮಗಳನ್ನು ಮಾತ್ರ ಕಾಲು ಕಾಮಾದಷ್ಟು ಕುಗ್ಗಿಸಿ, ಉಳಿದ ಎಂಟನ್ನು ಶುದ್ಧವಾಗಿ ಬಿಟ್ಟರೆ ಪಂಚಮಗಳ ವೃತ್ತ ಮುಚ್ಚಿಕೊಳ್ಳುತ್ತದೆ; ತೋಳ ಎಲ್ಲೂ ಉಳಿಯುವುದಿಲ್ಲ. ಹಾಗೆಂದು ಎಲ್ಲ ಸ್ಕೇಲ್‌ಗಳೂ ಒಂದೇ ಬಣ್ಣಕ್ಕೆ ಬರುವುದಿಲ್ಲ. ಸಿ ಮೇಜರ್‌ನ, ಎಂದರೆ ಸಿ ಷಡ್ಜವಾದ ಅಂತರ ಗಾಂಧಾರದ ಸ್ಕೇಲ್‌ನ, ಗಾಂಧಾರ 390 ಸೆಂಟ್, ಬಹುಪಾಲು ಶುದ್ಧ. ಜಿ ಮೇಜರ್‌ನದು 396. ಸಿ ಶಾರ್ಪ್, ಎಫ್ ಶಾರ್ಪ್, ಎ ಫ್ಲಾಟ್‌ಗಳದು 408, ಬಿಗಿಯಾಗಿ ಮಿನುಗುವಂಥದ್ದು. ವಾದಕನು ಈಗ ಎಲ್ಲಿಗೆ ಬೇಕಾದರೂ ಹೋಗಬಹುದು, ಹೋದ ದೂರವೂ ಕೇಳುಗನ ಕಿವಿಗೆ ತಿಳಿಯುತ್ತದೆ. ಲ್ಯೂಬೆಕ್‌ನ ಡೀಟ್ರಿಖ್ ಬುಕ್ಸ್‌ಟೆಹೂಡ ವೆರ್ಕ್‌ಮೈಸ್ಟರ್‌ನ ಗೆಳೆಯನಾಗಿದ್ದು, ಆತನ 1702ರ ಗ್ರಂಥಕ್ಕೆ ಅಭಿನಂದನೆಯ ಪದ್ಯಗಳನ್ನು ಬರೆದನು. ಎಫ್ ಶಾರ್ಪ್ ಮೈನರ್‌ನಲ್ಲಿ ಆರ್ಗನ್ನಿಗಾಗಿ ಬುಕ್ಸ್‌ಟೆಹೂಡ ರಚಿಸಿದ ಪ್ರಿಲ್ಯೂಡ್ ಈ ಹೊಸ ದಿಗಂತದ ಕಡೆಗೆ ನೋಡುವ ಕೃತಿ.

ಹನ್ನೆರಡು ಅಂತರಗಳನ್ನೂ ಸರಿಸಮವಾಗಿ ಹಂಚುವ ಸಮಾನ ಶ್ರುತಿ ಆ ಕಾಲಕ್ಕೆ ಅಪರಿಚಿತವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಚೀನಾದ ಮಿಂಗ್ ರಾಜವಂಶದ ಝು ಝೈಯು 1584ರಲ್ಲಿಯೇ ಅದನ್ನು ಲೆಕ್ಕ ಹಾಕಿದ್ದನು. ಮನೆಗಳ ಕಟ್ಟು ಎಲ್ಲ ತಂತಿಗಳಿಗೂ ಒಂದೇ ಆಗಿರುವ ಲ್ಯೂಟ್ ವಾದ್ಯದವರು ಅದಕ್ಕೆ ಹತ್ತಿರದ ಅಳತೆಯನ್ನು ಬಳಸುತ್ತಿದ್ದರು. ವೆರ್ಕ್‌ಮೈಸ್ಟರ್ ಕೂಡ ತನ್ನ ಕೊನೆಯ ವರ್ಷಗಳಲ್ಲಿ ಅದರ ಕಡೆಗೆ ಒಲಿದನು. ಆದರೂ ಹದಿನೆಂಟನೆಯ ಶತಮಾನದ ಜರ್ಮನರು ಅದನ್ನು ಹಲವು ಹದಗಳಲ್ಲಿ ಒಂದೆಂದು ಮಾತ್ರ ಬಗೆದರು. ಯೋಹಾನ್ ಗೆಯೋರ್ಗ್ ನೈಡ್‌ಹಾರ್ಟ್ 1724ರಲ್ಲಿ ಹಳ್ಳಿಗೆ ಒಂದು, ಸಣ್ಣ ಊರಿಗೆ ಒಂದು, ನಗರಕ್ಕೆ ಒಂದು, ಅರಮನೆಗೆ ಒಂದು ಎಂದು ಬೇರೆ ಬೇರೆ ಶ್ರುತಿಗಳನ್ನು ಸೂಚಿಸಿ, ಸಮಾನ ಶ್ರುತಿಯನ್ನು ಅರಮನೆಗೆ ಕೊಟ್ಟನು. ಸರಳ ಸ್ಕೇಲ್‌ಗಳಷ್ಟೇ ಕೇಳಿಬರುವ ಹಳ್ಳಿಯ ಚರ್ಚಿಗೆ ಅವುಗಳ ಇಂಪೇ ಮುಖ್ಯವೆಂಬ ಈ ವಿಚಾರದಲ್ಲಿ ಕೇಳುಗರ ಬಗೆಗೆ ಒಳ್ಳೆಯ ತಿಳಿವಳಿಕೆಯಿದೆ. ಇದೇ ನೈಡ್‌ಹಾರ್ಟ್ 1706ರಲ್ಲಿ ಯೇನಾ ನಗರದ ಆರ್ಗನ್ನೊಂದರ ಕೊಳವೆಸಾಲನ್ನು ಮಾನೊಕಾರ್ಡ್‌ನ, ಎಂದರೆ ಗುರುತು ಹಾಕಿದ ಒಂಟಿ ತಂತಿಯ ಅಳತೆವಾದ್ಯದ, ನೆರವಿನಿಂದ ಸಮಾನ ಶ್ರುತಿಗೆ ತಂದಾಗ, ಯೋಹಾನ್ ನಿಕೋಲಾಸ್ ಬಾಖ್ ಇನ್ನೊಂದು ಸಾಲನ್ನು ಬರಿಯ ಕಿವಿಯಿಂದ ಶ್ರುತಿ ಮಾಡಿ ತೋರಿಸಿದನೆಂದೂ, ಕೇಳಿದವರು ಕಿವಿಯ ಶ್ರುತಿಯನ್ನೇ ಮೆಚ್ಚಿದರೆಂದೂ ಯಾಕೊಬ್ ಆಡ್ಲುಂಗ್ ದಾಖಲಿಸಿದ್ದಾನೆ.

ಹೊಸ ಶ್ರುತಿಗಳು ಹರಡುತ್ತಿದ್ದಂತೆ ಎಲ್ಲ ಸ್ಕೇಲ್‌ಗಳನ್ನೂ ಸುತ್ತಿಬರುವ ಹಂಬಲ ಪುಸ್ತಕಗಳಲ್ಲಿ ಕಾಣಿಸಿತು. ಯೋಹಾನ್ ಕಾಸ್ಪರ್ ಫರ್ಡಿನಾಂಡ್ ಫಿಶರ್‌ನ 1702ರ ‘ಅರಿಯಾಡ್ನೆ ಮೂಸಿಕಾ’ದಲ್ಲಿ ಇಪ್ಪತ್ತು ಪ್ರಿಲ್ಯೂಡ್–ಫ್ಯೂಗ್ ಜೋಡಿಗಳಿವೆ, ಫ್ಯೂಗ್ ಎಂದರೆ ಒಂದೇ ಎಳೆಯನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಂಡು ಹೆಣೆಯುವ ರಚನೆ. ಸಿ ಶಾರ್ಪ್ ಮೇಜರ್, ಎಫ್ ಶಾರ್ಪ್ ಮೇಜರ್‌ನಂಥ ಕೊನೆಯ ಐದು ಸ್ಕೇಲ್‌ಗಳ ಹೊಸ್ತಿಲಲ್ಲಿ ಫಿಶರ್ ನಿಂತುಬಿಟ್ಟನು. ಯೋಹಾನ್ ಮಾಟೆಸೋನ್ 1719ರಲ್ಲಿ ಇಪ್ಪತ್ನಾಲ್ಕು ಸ್ಕೇಲ್‌ಗಳಲ್ಲೂ ಅಭ್ಯಾಸಪಾಠಗಳನ್ನು ಬರೆದನು. ಮೂರು ವರ್ಷಗಳ ಬಳಿಕ, 1722ರಲ್ಲಿ, ಕ್ಯೋಥೆನ್ ಆಸ್ಥಾನದಲ್ಲಿದ್ದ ಯೋಹಾನ್ ಸೆಬಾಸ್ಟಿಯನ್ ಬಾಖ್ ‘ಚೆನ್ನಾಗಿ ಹದಗೊಳಿಸಿದ ಕೀಲಿಮಣೆ’ ಎಂಬ ಹೆಸರಿನ ಮೊದಲ ಸಂಪುಟದ ಹಸ್ತಪ್ರತಿಯನ್ನು ಸಿದ್ಧಪಡಿಸಿದನು: ಇಪ್ಪತ್ನಾಲ್ಕು ಸ್ಕೇಲ್‌ಗಳಿಗೂ ಒಂದೊಂದು ಪ್ರಿಲ್ಯೂಡ್, ಒಂದೊಂದು ಫ್ಯೂಗ್.

ಈ ಹೆಸರನ್ನು ‘ಸಮಾನ ಶ್ರುತಿಯ ಕೀಲಿಮಣೆ’ ಎಂದೇ ಅರ್ಥೈಸುವ ರೂಢಿ ಬಹುಕಾಲ ನಡೆದುಬಂದಿತು. ಬಾಖ್ ಬರೆದಿರುವುದು ‘ಚೆನ್ನಾಗಿ’ ಎಂದಷ್ಟೆ. ಆತನ ಶಿಷ್ಯ ಕಿರ್ನ್‌ಬರ್ಗರ್, ಎಲ್ಲ ಗಾಂಧಾರಗಳನ್ನೂ ಶುದ್ಧಕ್ಕಿಂತ ಒಂದಿಷ್ಟು ಏರಿಸಬೇಕೆಂದು ಗುರುಗಳು ಹೇಳುತ್ತಿದ್ದರೆಂದು ತಿಳಿಸಿದ್ದನ್ನು ಸಂಗೀತಶಾಸ್ತ್ರಜ್ಞ ಮಾರ್‌ಪುರ್ಗ್ 1776ರಲ್ಲಿ ಸಮಾನ ಶ್ರುತಿಯ ಪರವಾದ ಸಾಕ್ಷ್ಯವಾಗಿ ಮುಂದಿಟ್ಟನು. ಆದರೆ ಆ ಕಿರ್ನ್‌ಬರ್ಗರನೇ ತನ್ನ ಬರಹಗಳಲ್ಲಿ ಬೋಧಿಸಿದ್ದು ಅಸಮಾನ ಶ್ರುತಿಗಳನ್ನು. 2005ರಲ್ಲಿ ಬ್ರ್ಯಾಡ್ಲಿ ಲೇಮನ್, ಹಸ್ತಪ್ರತಿಯ ಮುಖಪುಟದ ಮೇಲಂಚಿನಲ್ಲಿರುವ ಸುರುಳಿಗಳ ಸಾಲೇ ಬಾಖ್‌ನ ಶ್ರುತಿಯ ಗುಟ್ಟೆಂದು ವಾದಿಸಿದರು. ಜಾಣ್ಮೆಯ ಊಹೆಯಾದರೂ ಎಲ್ಲರ ಒಪ್ಪಿಗೆ ಅದಕ್ಕೆ ದೊರೆತಿಲ್ಲ. ಇದಕ್ಕಿಂತ ಗಟ್ಟಿಯಾದ ನೆಲ ಸ್ವರಲಿಪಿಯೇ. ಮೊದಲನೆಯ, ಸಿ ಮೇಜರ್ ಪ್ರಿಲ್ಯೂಡಿನ 35 ಆವರ್ತಗಳಲ್ಲಿ ಕೊನೆಯ ಮೂರನ್ನು ಬಿಟ್ಟರೆ ಪ್ರತಿಯೊಂದರಲ್ಲೂ ಒಂದೇ ಕಾರ್ಡನ್ನು ಬಿಡಿಸಿ ಎರಡೆರಡು ಸಲ ನುಡಿಸಲಾಗುತ್ತದೆ. ಶುದ್ಧಕ್ಕೆ ಹತ್ತಿರವಾದ ಗಾಂಧಾರವನ್ನು ಕೇಳುಗನು ಆರಾಮವಾಗಿ ಸವಿಯಲೆಂದೇ ಇಟ್ಟಂತಿದೆ. ಸಿ ಶಾರ್ಪ್ ಮೇಜರ್ ಪ್ರಿಲ್ಯೂಡಾದರೋ ಬಹುಪಾಲು ಎರಡೇ ಎಳೆಗಳಲ್ಲಿ ಚುರುಕಾಗಿ ಓಡುತ್ತದೆ, ಬಿಗಿಯಾದ ಆ ಗಾಂಧಾರದ ಮೇಲೆ ಕಾಲೂರಿ ನಿಲ್ಲುವುದೇ ಅಪರೂಪ. 1979ರಲ್ಲಿ ಜಾನ್ ಬಾರ್ನ್ಸ್ ಈ ಸಂಪುಟದ ಗಾಂಧಾರಗಳು ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ಬಯಲಾಗಿ ಕೇಳಿಸುತ್ತವೆಂದು ಲೆಕ್ಕ ಹಾಕಿ ಬಾಖ್‌ನ ಶ್ರುತಿ ಅಸಮಾನವಾಗಿತ್ತೆಂಬ ನಿರ್ಣಯಕ್ಕೆ ಬಂದದ್ದೂ ಇಂಥ ಗಮನಿಕೆಯ ದಾರಿಯಲ್ಲಿಯೇ.

ಆದರೆ ಒರಟು ಸ್ಕೇಲ್‌ಗಳಲ್ಲಿ ಬಾಖ್ ಯಾವಾಗಲೂ ಓಡಿದನೆಂದು ಹೇಳಿಬಿಟ್ಟರೆ ಎಂಟನೆಯ ಜೋಡಿ ಎದುರು ನಿಲ್ಲುತ್ತದೆ. ಅದರ ಪ್ರಿಲ್ಯೂಡ್ ಇ ಫ್ಲಾಟ್ ಮೈನರ್‌ನಲ್ಲಿದೆ. ವೆರ್ಕ್‌ಮೈಸ್ಟರ್‌ನ ಶ್ರುತಿಯಲ್ಲಿ ಈ ಸ್ಕೇಲ್‌ನ ಸಾಧಾರಣ ಗಾಂಧಾರ 294 ಸೆಂಟ್, ಶುದ್ಧವಾದುದಕ್ಕಿಂತ 22 ಸೆಂಟ್ ಕಡಿಮೆ. ಹಾಗಿದ್ದೂ ಬಾಖ್ ಇಲ್ಲಿ ನಿಧಾನವಾದ, ಭಾರವಾದ ಕಾರ್ಡ್‌ಗಳನ್ನು ಒಂದೊಂದಾಗಿ ಇಳಿಸುತ್ತ, ಅವುಗಳ ಮೇಲೆ ನೋವಿನ ಎಳೆಯೊಂದನ್ನು ಹಾಯಿಸುತ್ತಾನೆ. ಲೂಯಿ ಕೂಪರಾಂ ಒಂದು ಕಾರ್ಡ್‌ನಲ್ಲಿ ಮಾತ್ರ ಬಯಸಿದ ಮುಳ್ಳಿನ ಮೇಲೆ ಇಲ್ಲಿ ಇಡಿಯ ಕೃತಿಯೇ ನಡೆಯುತ್ತದೆ.

ಶ್ರುತಿ ಕೂಡಿಸುವ ಕೆಲಸವನ್ನು ಬಾಖ್ ಬೇರೆಯವರಿಗೆ ಒಪ್ಪಿಸುತ್ತಿರಲಿಲ್ಲವೆಂದೂ, ಕಾಲು ಗಂಟೆಗಿಂತ ಹೆಚ್ಚು ಸಮಯ ಅದಕ್ಕೆ ಹಿಡಿಯುತ್ತಿರಲಿಲ್ಲವೆಂದೂ ಫೋರ್ಕೆಲ್ ತಾನು ಬರೆದ 1802ರ ಬಾಖ್ ಜೀವನಚರಿತ್ರೆಯಲ್ಲಿ ಬರೆದಿದ್ದಾನೆ. ಅಂಥ ಕಿವಿಯವನು ಈ ಎಂಟನೆಯ ಪ್ರಿಲ್ಯೂಡನ್ನು ಆರು ಫ್ಲಾಟ್‌ಗಳ ಇ ಫ್ಲಾಟ್ ಮೈನರ್ ಎಂದು ಬರೆದು, ಅದರ ಬೆನ್ನಿಗೇ ಬರುವ ಫ್ಯೂಗನ್ನು ಆರು ಶಾರ್ಪ್‌ಗಳ ಡಿ ಶಾರ್ಪ್ ಮೈನರ್ ಎಂದು ಬರೆದನು. ಅದಕ್ಕೂ ನೂರು ವರ್ಷಗಳ ಹಿಂದೆ ಸೀಳಿ ಎರಡಾಗಿಸಬೇಕಾಗಿದ್ದ ಆ ಒಂದೇ ಕಪ್ಪು ಮನೆ, ಪ್ರಿಲ್ಯೂಡಿನ ಕೊನೆಯ ಕಾರ್ಡ್‌ನಲ್ಲಿ ಇ ಫ್ಲಾಟ್ ಆಗಿ ಆರಿಹೋಗಿ, ಫ್ಯೂಗಿನ ಮೊದಲ ಸ್ವರದಲ್ಲಿ ಡಿ ಶಾರ್ಪ್ ಆಗಿ ಮತ್ತೆ ನುಡಿಯುತ್ತದೆ.